ತ್ವರೋಗ್ ಪದ ಜರ್ಮನಿಯಿಂದ ಬಂದದ್ದಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯ ಅಡುಗೆ ಲೇಖನದಲ್ಲಿ ತ್ವರೋಗ್ ಅನ್ನು, ಅಂದರೆ ಹುಳಿಯಾದ ಹಾಲಿನ ನೀರು ಬಸಿದು ಮಾಡುವ ಮೆತ್ತನೆಯ ಗಿಣ್ಣನ್ನು, ‘ರಷ್ಯದ ಪನೀರ್’ ಎಂದು ಕರೆದು, ಆ ಹೆಸರಿಗೆ ಇದೇ ಬಗೆಯ ತಿನಿಸಿನ ಜರ್ಮನ್ ಹೆಸರಾದ ‘ಕ್ವಾರ್ಕ್’ ಮೂಲವೆಂದು ಬರೆಯಲಾಗಿದೆ. ಎರಡೂ ಸರಿಯಲ್ಲ.

ಪದ ಸಾಗಿದ್ದು ಸ್ಲಾವ್ ನಾಡುಗಳಿಂದ ಜರ್ಮನ್ನರ ಕಡೆಗೆ. ರಷ್ಯನ್‌ನ ತ್ವರೋಗ್, ಪೋಲಿಷ್‌ನ ತ್ವರೂಗ್, ಚೆಕ್‌ನ ತ್ವರೊಹ್ ಒಂದೇ ಪದದ ರೂಪಗಳು. 14ನೇ ಶತಮಾನದ ಹೊತ್ತಿಗೆ ಜರ್ಮನ್‌ನಲ್ಲಿ ಇದು ‘ತ್ವಾರ್ಕ್’, ‘ಕ್ವಾರ್ಕ್’ ಎಂದು ಎರಡು ಬಗೆಯಾಗಿ ಕಾಣಿಸುತ್ತದೆ. ಪೂರ್ವ ಜರ್ಮನಿಯ ಆಡುನುಡಿಗಳಲ್ಲಿ ಪದದ ಮೊದಲ ‘ತ್ವ’ ಆಗ ‘ಕ್ವ’ ಆಗುತ್ತಿತ್ತು. ಅಡ್ಡ ಎಂಬರ್ಥದ ‘ತ್ವೆರ್’ ಇಂದಿನ ‘ಕ್ವೆರ್’ ಆದದ್ದು, ಕಡೆಗೋಲಿನಂಥ ಸಾಧನದ ಹೆಸರು ‘ತ್ವಿರ್ಲ್’ ಹೋಗಿ ‘ಕ್ವಿರ್ಲ್’ ಆದದ್ದು ಹೀಗೆಯೇ. ಸ್ಲಾವಿಕ್ ಪದದ ‘ತ್ವ’ ಹಳೆಯದು, ‘ಕ್ವ’ ಆಮೇಲಿನದು. ಆಸ್ಟ್ರಿಯಾದಲ್ಲಿ ಇದೇ ತಿನಿಸಿಗೆ ಇವತ್ತಿಗೂ ‘ಟೊಪ್ಫೆನ್’ ಎನ್ನುತ್ತಾರೆ.

ತ್ವರೋಗ್ ಪದದ ಮೂಲಧಾತು ಸ್ಲಾವಿಕ್‌ನ ‘ತ್ವೊರಿತಿ’, ಅಂದರೆ ರೂಪಿಸು, ಮಾಡು. ರಷ್ಯನ್‌ನಲ್ಲಿ ಸೃಷ್ಟಿಕರ್ತನಿಗಿರುವ ‘ತ್ವರೆತ್ಸ್’ ಎಂಬ ಪದವೂ ಇದೇ ಧಾತುವಿನದು. ಹಾಲು ಗಟ್ಟಿಯಾಗಿ ರೂಪ ಪಡೆದದ್ದು ಎಂಬ ಅರ್ಥ; ಫ್ರೆಂಚರ ‘ಫ್ರೊಮಾಜ್’ ಕೂಡ ಲ್ಯಾಟಿನ್‌ನ ‘ಫೋರ್ಮಾ’ದಿಂದ ಹೀಗೆಯೇ ಹುಟ್ಟಿತು. ತುರ್ಕಿ ಭಾಷೆಗಳ ‘ತೊರಾಕ್’ ಇದರ ಮೂಲವೆಂಬ ವಾದವೂ ಇದೆ. ಆದರೆ ಆ ರೂಪದಲ್ಲಿ ‘ವ’ಕಾರವೇ ಇಲ್ಲ, ಹಾಗಾಗಿ ಧಾತುವಿನ ವಿವರಣೆಯೇ ಹೆಚ್ಚು ಗಟ್ಟಿ.

ಇನ್ನು ಅಡುಗೆಯ ಮಾತು. ಪನೀರಿಗೆ ಕುದಿಯುವ ಹಾಲನ್ನು ನಿಂಬೆರಸದಿಂದ ಒಡೆಸುತ್ತೇವೆ. ತ್ವರೋಗ್‌ಗೆ ಹಾಲು ತಾನಾಗಿ ಹುಳಿಯಾಗಬೇಕು. ಎರಡು ಲೀಟರ್ ಹಾಲು ಕಾಯಿಸಿ ಆರಿಸಿ, ಹೆಪ್ಪು ಹಾಕಿ, ಗಟ್ಟಿ ಮೊಸರಾಗುವವರೆಗೆ ಬಿಡಿ. ಅದನ್ನು ಚಾಕುವಿನಿಂದ ಚೌಕವಾಗಿ ಕೊಯ್ದು, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು, ಮೊಸರು 40ರಿಂದ 45 ಡಿಗ್ರಿ ಬೆಚ್ಚಗಾಗುವ ತನಕ ಕಾಯಿರಿ. ಕಲಕಬೇಡಿ. ತಿಳಿನೀರು ಮೇಲೆ ನಿಂತ ಮೇಲೆ ಆರಿಸಿ, ಹತ್ತಿಬಟ್ಟೆಯಲ್ಲಿ ಕಟ್ಟಿ ನಾಲ್ಕೈದು ಗಂಟೆ ತೂಗುಹಾಕಿ. ಹಾಲಿನ ಗಟ್ಟಿತನಕ್ಕೆ ತಕ್ಕಂತೆ 300ರಿಂದ 400 ಗ್ರಾಂ ಸಿಗುತ್ತದೆ. ಬಿಸಿ 60 ಡಿಗ್ರಿ ದಾಟಿದರೆ ಕಾಳು ಗಡುಸಾಗಿ ಮರಳಿನಂತಾಗುತ್ತದೆ. ಹುಳಿ ಸಾಲದೆ ಹೋದರೆ ಮೆತ್ತಗಿನ ಮೊಸರು ನೀರಿನೊಂದಿಗೇ ಬಟ್ಟೆಯಿಂದ ಸೋರಿಹೋಗುತ್ತದೆ.

ಲೇಖನದಲ್ಲಿದ್ದ ‘ಸಿರ್ನಿಕಿ’ಯನ್ನು (ತ್ವರೋಗ್‌ನ ಬಿಲ್ಲೆಗಳನ್ನು ಬಾಣಲೆಯಲ್ಲಿ ಬೇಯಿಸಿದ ತಿನಿಸು) ಪನೀರಿನಲ್ಲಿ ಮಾಡಿದರೆ ಬಾಣಲೆಯಲ್ಲೇ ಪುಡಿಯಾಗುತ್ತದೆ, ಏಕೆಂದರೆ ಪನೀರಿನ ಕಾಳುಗಳು ಒಂದಕ್ಕೊಂದು ಅಂಟುವುದಿಲ್ಲ. ತ್ವರೋಗ್ ಮಾಡಲು ಬಿಡುವಿಲ್ಲದವರು ಬೆಳಗಾವಿ, ಧಾರವಾಡದ ಕಡೆ ಶ್ರೀಖಂಡಕ್ಕೆ ಕಟ್ಟುವ ಚಕ್ಕಾ ಬಳಸಬಹುದು. ಅದು ಹೆಚ್ಚು ನುಣ್ಣಗಿರುವುದರಿಂದ ರಾತ್ರಿಯಿಡೀ ಭಾರ ಹೇರಿ ನೀರು ತೆಗೆಯಿರಿ, ಅರ್ಧ ಕಿಲೋಗೆ ಒಂದು ಮೊಟ್ಟೆ, ನಾಲ್ಕು ಚಮಚ ಮೈದಾ ಹಾಕಿ.

— ಓದುಗರು, ಧಾರವಾಡ