ಟೆಂಡರ್ ಸೋಲುವುದು ದರದಿಂದಲ್ಲ, ಕಾಗದದಿಂದ

ಮಾನ್ಯ ಸಂಪಾದಕರೇ,

ನಗರಾಡಳಿತದ ಟೆಂಡರ್ ಒಳಗಿನವರಿಗೆ ಮಾತ್ರ ಸಿಗುವಂಥದ್ದು ಎಂದು ಎಷ್ಟೋ ಸಣ್ಣ ಉದ್ದಿಮೆದಾರರು ಆ ಕಡೆ ತಲೆಹಾಕುವುದೇ ಇಲ್ಲ. ಅಂಥ ಟೆಂಡರ್‌ಗಳು ಇಲ್ಲವೆನ್ನಲಾಗದು. ಆದರೆ ಬಿಡ್ ದಾಖಲೆ ಸಿದ್ಧಪಡಿಸಿಕೊಡುವ ನಮ್ಮಂಥವರು ಹೆಚ್ಚಾಗಿ ಕಾಣುವುದು, ದರ ಚೆನ್ನಾಗಿದ್ದೂ ದರದ ಲಕೋಟೆ ತೆರೆಯುವ ಮುನ್ನವೇ ಬಿದ್ದುಹೋಗುವ ಬಿಡ್‌ಗಳನ್ನು.

ಅರ್ಹತೆಯ ದಾಖಲೆಗಳು ಒಂದರಲ್ಲಿ, ದರ ಇನ್ನೊಂದರಲ್ಲಿ ಇರುವ ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ದಾಖಲೆಗಳ ಲಕೋಟೆ, ಅಂದರೆ ತಾಂತ್ರಿಕ ಬಿಡ್ ತೆರೆಯುತ್ತಾರೆ. ಅದರಲ್ಲಿ ಅನರ್ಹರಾದವರ ದರವನ್ನು ಯಾರೂ ನೋಡುವುದಿಲ್ಲ. ಬಿಡ್ 90 ದಿನ ಸಿಂಧುವಾಗಿರಬೇಕು, ಬಿಡ್ ಜೊತೆ ಕೊಡುವ ಠೇವಣಿಯ ಬ್ಯಾಂಕ್ ಗ್ಯಾರಂಟಿ ಅದಕ್ಕಿಂತ 28 ದಿನ ಹೆಚ್ಚಿರಬೇಕು ಎಂಬ ಷರತ್ತಿದ್ದರೆ ಗ್ಯಾರಂಟಿ 118 ದಿನದ್ದಾಗಬೇಕು. ಬ್ಯಾಂಕಿನವರು 90 ದಿನಕ್ಕೇ ಬರೆದುಕೊಟ್ಟರೆ ಅಲ್ಲಿಗೆ ಕಥೆ ಮುಗಿಯಿತು. ಸಲ್ಲಿಕೆಯ ಕೊನೆಯ ದಿನಾಂಕ ಮುಂದೆ ಹೋದರೆ ಗ್ಯಾರಂಟಿಯ ಅವಧಿಯನ್ನೂ ವಿಸ್ತರಿಸಬೇಕು. ಜನ ಎಡವುವುದು ಇಲ್ಲೇ.

ಇದಕ್ಕಿಂತ ದೊಡ್ಡ ನಷ್ಟ, ಪ್ರಶ್ನೆ ಕೇಳಲು ಕೊಟ್ಟ ಅವಧಿಯನ್ನು ಸುಮ್ಮನೆ ಕಳೆಯುವುದು. ಎಲ್‌ಇಡಿ ಬೀದಿದೀಪದ ಟೆಂಡರ್ ಎಂದಿಟ್ಟುಕೊಳ್ಳಿ. ಧೂಳು, ನೀರು ಒಳಹೋಗದಂತೆ ತಡೆಯುವ ಮಟ್ಟವನ್ನು ಹೇಳುವ ಐಪಿ ಸಂಖ್ಯೆ 66 ಇರಬೇಕೆಂದು ಕೇಳಿದ್ದಾರೆ, ನಿಮ್ಮ ದೀಪ ಐಪಿ 65. ಎರಡರೊಳಗೂ ಧೂಳು ಹೋಗುವುದಿಲ್ಲ; 66 ಇನ್ನೂ ರಭಸದ ನೀರಿನ ಧಾರೆಯನ್ನು ತಡೆಯುತ್ತದೆ, ಅಷ್ಟೇ ವ್ಯತ್ಯಾಸ. ಷರತ್ತಿನ ಸಂಖ್ಯೆ ನಮೂದಿಸಿ, ‘65 ಒಪ್ಪಬಹುದೇ? ಇಲ್ಲವಾದರೆ ಈ ಜಾಗಗಳಿಗೆ 66 ಏಕೆ ಬೇಕು?’ ಎಂದು ಗಡುವಿನೊಳಗೆ ಲಿಖಿತವಾಗಿ ಕೇಳಿ. ಒಂದೇ ಕಂಪನಿಯ ಮಾದರಿಗೆ ಹೊಂದುವಂತೆ ಅಳತೆ ಬರೆದಿದ್ದರೆ ‘ಅಥವಾ ತತ್ಸಮಾನ’ ಎಂದು ಸೇರಿಸಲು ಕೋರಿ. ಉತ್ತರ ಎಲ್ಲ ಬಿಡ್‌ದಾರರಿಗೂ ಹೋಗುತ್ತದೆ. ಷರತ್ತು ಬದಲಾದರೆ ತಿದ್ದುಪಡಿ ಹೊರಡುತ್ತದೆ. ಅದಕ್ಕೆ ಸಹಿ ಹಾಕಿ ಬಿಡ್ ಜೊತೆ ಲಗತ್ತಿಸಲು ಹೇಳಿದ್ದರೆ ಮರೆಯಬೇಡಿ. ಬಿಡ್ ತೆರೆದ ಮೇಲೆ ಇದೇ ತಕರಾರು ತೆಗೆದರೆ ಕೇಳುವವರಿರುವುದಿಲ್ಲ.

ದರಪಟ್ಟಿಯಲ್ಲಿ ಯಾವ ಸಾಲನ್ನೂ ಖಾಲಿ ಬಿಡಬಾರದು. ದರ ಬರೆಯದ ಬಾಬನ್ನು ಉಳಿದ ದರಗಳಲ್ಲೇ ಸೇರಿದೆಯೆಂದು ಪರಿಗಣಿಸಿ ಪುಕ್ಕಟೆ ಮಾಡಿಸುವ ಷರತ್ತು ಸಾಮಾನ್ಯ. ಬಿಡಿ ದರಕ್ಕೂ ಒಟ್ಟು ಮೊತ್ತಕ್ಕೂ ತಾಳೆಯಾಗದಿದ್ದರೆ ಹೆಚ್ಚಿನ ಕಡೆ ಬಿಡಿ ದರವೇ ಅಂತಿಮ.

ಕಾರ್ಯಾದೇಶ ಬಂದ ಮೇಲೂ ಒಂದು ಎಚ್ಚರ ಬೇಕು. ಬಿಲ್ ಪಾವತಿಯ ಗಡುವು ಅನೇಕ ಕರಾರುಗಳಲ್ಲಿ ಸರಕು ಇಳಿಸಿದ ದಿನದಿಂದಲ್ಲ, ತಪಾಸಣೆ ಮಾಡಿ ಒಪ್ಪಿಕೊಂಡ ದಿನದಿಂದ ಶುರುವಾಗುತ್ತದೆ. ದಿನಾಂಕ, ಸಹಿ, ಮೊಹರು ಇರುವ ಸ್ವೀಕೃತಿ ಪತ್ರ ಕೈಯಲ್ಲಿಲ್ಲದಿದ್ದರೆ ಪಾವತಿ ತಡವಾದಾಗ ಬಡ್ಡಿ ಕೇಳುವ ಹಕ್ಕಿಗೂ ಆಧಾರ ತೋರಿಸುವುದು ಕಷ್ಟ.

ನಗರಾಡಳಿತಗಳಿಗೂ ನಮ್ಮದೊಂದು ಒತ್ತಾಯವಿದೆ. ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ 2011ರಲ್ಲಿ ರೂಪಿಸಿದ ಸಾರ್ವಜನಿಕ ಖರೀದಿಯ ಮಾದರಿ ಕಾನೂನಿನಲ್ಲಿ, ಗೆದ್ದವರು ಯಾರೆಂದು ಬಿಡ್‌ದಾರರಿಗೆ ತಿಳಿಸಿ, ಕರಾರಿಗೆ ಮುನ್ನ ಕೆಲ ದಿನ ಕಾಯುವ ವ್ಯವಸ್ಥೆಯಿದೆ. ಆ ಕಾಯುವ ಅವಧಿ ಎಲ್ಲ ಟೆಂಡರ್‌ಗೂ ಇರಲಿ. ತಿರಸ್ಕೃತರಾದ ಪ್ರತಿಯೊಬ್ಬರಿಗೂ ಯಾವ ಷರತ್ತು, ಯಾವ ದಾಖಲೆ ಕಾರಣವೆಂಬುದು ಅದರೊಳಗೆ ಲಿಖಿತವಾಗಿ ಸಿಗಲಿ. ‘ತಾಂತ್ರಿಕವಾಗಿ ಅನರ್ಹ’ ಎಂಬ ಎರಡು ಪದ ಓದಿ ಯಾರೂ ಮುಂದಿನ ಬಿಡ್ ತಿದ್ದಿಕೊಳ್ಳಲಾರರು.

– ಟೆಂಡರ್ ದಾಖಲೆ ಸಿದ್ಧಪಡಿಸುವ ಸಲಹೆಗಾರರು