ವಿಜ್ಞಾನ ದಿನಕ್ಕೆ ಅನ್ನಾ ಮಣಿ ಅವರೂ ನೆನಪಾಗಲಿ

ಕೊಪ್ಪಳ ಜಿಲ್ಲೆಯ ಶಾಲೆಗಳ ವಿಜ್ಞಾನ ದಿನಾಚರಣೆಯಲ್ಲಿ ಮಹಿಳಾ ವಿಜ್ಞಾನಿಗಳ ಹೆಸರು ಕೇಳಿಬರುವುದೇ ಅಪರೂಪ. ಬಂದರೂ ಮೇರಿ ಕ್ಯೂರಿಗೆ ಮುಗಿಯುತ್ತದೆ. ಫೆ. 28ರಂದು ಸಿ.ವಿ. ರಾಮನ್ ಭಾವಚಿತ್ರಕ್ಕೆ ಹಾರ ಹಾಕುವುದು ಸರಿಯೇ. ಆದರೆ ಬೆಂಗಳೂರಿನ ಅವರದೇ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ರೋಹಿತ (ಬೆಳಕಿನ ವರ್ಣಪಟಲ) ಅಧ್ಯಯನ ಮಾಡಿದ ಅನ್ನಾ ಮಣಿ (1918–2001) ಅವರಿಗೆ ಎಂ.ಎಸ್ಸಿ. ಪದವಿ ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ನಿರಾಕರಿಸಿತು. ಮುಂದೆ ಹವಾಮಾನ ಇಲಾಖೆ ಸೇರಿ ಅಳತೆಯ ಉಪಕರಣಗಳನ್ನು ದೇಶದಲ್ಲೇ ತಯಾರಿಸಲು ದುಡಿದ ಅವರು, ನಿವೃತ್ತಿಯ ನಂತರ ಪವನಶಕ್ತಿಯ ಸಮೀಕ್ಷೆಗೆ ಇಳಿದರು. ಕುಷ್ಟಗಿ, ಯಲಬುರ್ಗಾ ಸೀಮೆಯ ಹೊಲಗಳಲ್ಲಿ ಗಾಳಿಯಂತ್ರಗಳನ್ನು ದಿನವೂ ನೋಡುವ ಮಕ್ಕಳಿಗೆ ಇದನ್ನು ಹೇಳದೆ ಇನ್ನಾರಿಗೆ ಹೇಳಬೇಕು? ಶಿಕ್ಷಣ ಇಲಾಖೆಯು ವಿಜ್ಞಾನ ದಿನದ ಸುತ್ತೋಲೆಯಲ್ಲೇ ಇಂಥ ವಿಜ್ಞಾನಿಗಳ ಕುರಿತು ಒಂದು ಉಪನ್ಯಾಸವನ್ನು ಸೂಚಿಸಲಿ. ಗಣ್ಯರ ಭಾಷಣಗಳಲ್ಲಿ ಒಂದನ್ನು ಕೈಬಿಟ್ಟರೆ ಸಮಯವೂ ಸಿಗುತ್ತದೆ.

– ಓರ್ವ ಶಿಕ್ಷಕಿ, ಕುಷ್ಟಗಿ