ಹಿರಿಯರ ವಾರ್ಡಿನಲ್ಲಿ ಮಂಚದ ಹತ್ತಿರವೇ ಶೌಚಾಲಯ: ನಿಮ್ಮ ನೆರವು ಬೇಕು

ಆತ್ಮೀಯರೇ, ನಮಸ್ಕಾರ.

ನಮ್ಮ ಟ್ರಸ್ಟ್ ನಡೆಸುವ ಧರ್ಮಾಸ್ಪತ್ರೆಯಲ್ಲಿ ವಯಸ್ಸಾದವರಿಗೆಂದೇ ಎರಡು ವಾರ್ಡುಗಳಿವೆ. ಒಂದು ಹೆಂಗಸರದ್ದು, ಇನ್ನೊಂದು ಗಂಡಸರದ್ದು. ಎರಡನ್ನೂ ಒಳಗಿನಿಂದ ಬದಲಾಯಿಸಬೇಕೆಂದು ಹೊರಟಿದ್ದೇವೆ. ಆರು ಮಂಚಕ್ಕೆ ಒಂದರಂತೆ ಶೌಚಾಲಯ ಬರಬೇಕು. ಅದು ಮಲಗಿದಲ್ಲಿಂದಲೇ ಕಣ್ಣಿಗೆ ಬೀಳಬೇಕು, ಕೆಲವೇ ಹೆಜ್ಜೆಯಲ್ಲಿ ಸಿಗಬೇಕು. ಈ ಕೆಲಸಕ್ಕೆ ನಿಮ್ಮ ದೇಣಿಗೆ ಕೇಳಲು ಈ ಪತ್ರ.

ಶೌಚಾಲಯಕ್ಕೆ ಯಾಕೆ ಇಷ್ಟು ಮಹತ್ವ ಅಂತ ಕೇಳುವವರಿದ್ದಾರೆ. ವಾರ್ಡಿನಲ್ಲಿ ಅಪ್ಪ ಅಮ್ಮನ ಜೊತೆ ಒಂದು ರಾತ್ರಿ ಕಳೆದವರು ಮಾತ್ರ ಕೇಳುವುದಿಲ್ಲ. "ಅಮ್ಮ ಮನೇಲಿ ಚೆನ್ನಾಗೇ ಇದ್ರು ಸಿಸ್ಟರ್, ತಾವೇ ಎದ್ದು ಹೋಗ್ತಿದ್ರು. ಇಲ್ಲಿಗೆ ಬಂದ ಮೇಲೆ ಎಲ್ಲಾ ಬಟ್ಟೆಯಲ್ಲೇ ಆಗ್ತಿದೆ." ನಮ್ಮ ನರ್ಸುಗಳು ಈ ಮಾತನ್ನು ಮತ್ತೆ ಮತ್ತೆ ಕೇಳಿದ್ದಾರೆ. ಜ್ವರಕ್ಕೋ, ದಮ್ಮಿಗೋ, ಕಾಲಿನ ಗಾಯಕ್ಕೋ ಸೇರಿದವರು. ಬಂದ ಕಾಯಿಲೆ ವಾಸಿಯಾಗುತ್ತದೆ. ಆದರೆ ಮನೆಗೆ ಹೊರಡುವಾಗ ಡೈಪರ್ ಹಾಕಿಕೊಂಡು ಹೊರಡುತ್ತಾರೆ. ಮನೆಯವರು "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗುತ್ತಾರೆ. ಅಜ್ಜಿ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ.

ವಯಸ್ಸೂ ಒಂದು ಕಾರಣ, ನಿಜ. ಮೂತ್ರಕೋಶ ಮೊದಲಿನಷ್ಟು ತಡೆದುಕೊಳ್ಳುವುದಿಲ್ಲ. ಅವಸರವಾದ ಮೇಲೆ ಸಿಗುವ ಸಮಯ ಕಡಿಮೆ. ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಆದರೂ ಮನೆಯಲ್ಲಿ ಹೇಗೋ ಸಂಭಾಳಿಸಿಕೊಂಡು ಇರುತ್ತಾರೆ. ಕತ್ತಲಲ್ಲೂ ದಾರಿ ಗೊತ್ತು, ಯಾವ ಗೋಡೆ ಹಿಡಿಯಬೇಕು ಗೊತ್ತು, ಮಂಚ ಎತ್ತರವಿಲ್ಲ. ಆಸ್ಪತ್ರೆಯಲ್ಲಿ ಈ ಅನುಕೂಲ ಒಂದೂ ಇರುವುದಿಲ್ಲ. ಮೇಲೆ ಕೈಗೆ ಡ್ರಿಪ್ ಬೇರೆ, ಅದರ ನೀರೂ ಮೂತ್ರವಾಗಿಯೇ ಹೊರಗೆ ಬರಬೇಕು. ಹೃದಯದ ತೊಂದರೆಗೆ, ಕಾಲು ಊತಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಆಮೇಲೆ ಆರೇಳು ಗಂಟೆ ಓಡಾಟ ತಪ್ಪುವುದಿಲ್ಲ.

ಹಿರಿಯರು ಬೀಳುವ ಭಯ ಎಷ್ಟಿದೆ ಎಂದು ನೋಡಲು ವೈದ್ಯರು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಇದಕ್ಕೆ 12 ಸೆಕೆಂಡ್ ಅಥವಾ ಇನ್ನೂ ಜಾಸ್ತಿ ಹಿಡಿದರೆ ಎಚ್ಚರ ಬೇಕು. ನಮ್ಮಲ್ಲಿಗೆ ಬರುವ ಅನೇಕರಿಗೆ ಅದರ ದುಪ್ಪಟ್ಟು ಹಿಡಿಯುತ್ತದೆ. ಈಗ ನಮ್ಮ ಕಟ್ಟಡ ನೋಡಿ. ಉದ್ದನೆಯ ಹಾಲ್, ಎರಡು ಸಾಲು ಮಂಚ, ಕೊನೆಯಲ್ಲಿ ಬಾಗಿಲು, ಅದರಾಚೆ ವರಾಂಡ, ವರಾಂಡದ ತುದಿಯಲ್ಲಿ ಶೌಚಾಲಯ. ಹಿಂದಿನವರು ಆಸ್ಪತ್ರೆಗಳನ್ನು ಹೀಗೆ ಕಟ್ಟುತ್ತಿದ್ದದ್ದು ವಾಸನೆ ದೂರ ಇರಲಿ ಅಂತ. ಆ ಕಾಲಕ್ಕೆ ಅದು ಸರಿಯೇ. ಆದರೆ ಮೊದಲ ಮಂಚದವರಿಗೆ ಅಲ್ಲಿಗೆ 30 ಮೀಟರ್ ನಡಿಗೆ.

ರಾತ್ರಿ ಆ ದಾರಿ ಹೇಗಿರುತ್ತದೆ ಗೊತ್ತಾ? ಮಂಚದ ಪಕ್ಕದ ಕಂಬಿ ಇಳಿಸಲು ಬಾರದೆ ಕಾಲ ಬುಡದ ಕಡೆಯಿಂದ ಜಾರಿಕೊಂಡು ಇಳಿಯುತ್ತಾರೆ. ಪಾದ ನೆಲಕ್ಕೆ ಎಟುಕುವುದಿಲ್ಲ. ಒಂದು ಕೈಯಲ್ಲಿ ಡ್ರಿಪ್ ಸ್ಟ್ಯಾಂಡ್, ಇನ್ನೊಂದರಲ್ಲಿ ಸೀರೆಯ ನೆರಿಗೆ. ಮಂಚಗಳ ನಡುವೆ ಜೊತೆಗೆ ಬಂದವರು ಚಾಪೆ ಹಾಸಿ ಮಲಗಿರುತ್ತಾರೆ. ಪಾಪ, ಅವರಿಗೂ ಬೇರೆ ಜಾಗವಿಲ್ಲ. ಅವರ ಕಾಲು ದಾಟಿಕೊಂಡು ಹೋಗಬೇಕು. ಶೌಚಾಲಯದ ಬಾಗಿಲಲ್ಲಿ ಒಂದು ಮೆಟ್ಟಿಲು, ಒಳಗೆ ನೆಲ ಒದ್ದೆ. ಇಂಡಿಯನ್ ಟಾಯ್ಲೆಟ್ ಆದರೆ ಮಂಡಿ ಬಾಗುವುದಿಲ್ಲ. ಕಮೋಡ್ ಆದರೆ ಗೋಡೆ, ನೆಲ, ಸೀಟು ಎಲ್ಲ ಬಿಳಿ. ಪೊರೆ ಬಂದ ಕಣ್ಣಿಗೆ ಎಲ್ಲಿ ಕೂರಬೇಕೋ ತಿಳಿಯುವುದಿಲ್ಲ. ಅಷ್ಟರಲ್ಲಿ ಆಗಿಹೋಗಿರುತ್ತದೆ. ಇದಕ್ಕೆ ಅವರ ಮೂತ್ರಕೋಶವನ್ನು ದೂರುವುದು ನ್ಯಾಯವೇ?

ಇಷ್ಟೆಲ್ಲ ಯಾಕೆ ಅಂತ ಎಷ್ಟೋ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಸಂಜೆ ನಾಲ್ಕರ ನಂತರ ಒಂದು ಲೋಟವೂ ಬೇಡ ಅನ್ನುತ್ತಾರೆ. ಮಗಳು ಬರುವವರೆಗೆ ತಡೆದುಕೊಂಡು ಕೂರುತ್ತಾರೆ, ಸೊಸೆಯನ್ನು ಕರೆಯಲು ಸಂಕೋಚ. ನೀರು ಕಡಿಮೆಯಾದರೆ ಮಲ ಕಟ್ಟುತ್ತದೆ. ಕಟ್ಟಿದ ಮಲ ಮೂತ್ರಕೋಶವನ್ನು ಒತ್ತಿ ತೊಂದರೆ ಇನ್ನೂ ಹೆಚ್ಚುತ್ತದೆ. ಮೂತ್ರದ ಸೋಂಕು, ಅದರಿಂದ ಜ್ವರ, ಜ್ವರದಲ್ಲಿ ಗೊಂದಲ. ಮಗನ ಗುರುತೂ ಹತ್ತದ ಸ್ಥಿತಿಗೆ ಬಂದವರನ್ನು ನಾವು ನೋಡಿದ್ದೇವೆ.

ಹಾಸಿಗೆ ಪದೇ ಪದೇ ಒದ್ದೆಯಾದಾಗ ಸುಲಭದ ದಾರಿ ಎರಡೇ: ಡೈಪರ್, ಇಲ್ಲವೇ ಪೈಪ್. ಮೂತ್ರದ ಪೈಪ್ ಕೆಲವರಿಗೆ ನಿಜವಾಗಿ ಬೇಕು. ಆದರೆ ಓಡಾಟ ತಪ್ಪಿಸಲು ಸುಮ್ನೆ ಹಾಕಿದ ಪೈಪ್ ಅಪಾಯ. ಅದು ಒಳಗಿರುವ ಒಂದೊಂದು ದಿನವೂ ಮೂತ್ರದಲ್ಲಿ ರೋಗಾಣು ಸೇರುವ ಸಂಭವ ಶೇ. 3ರಿಂದ 7ರಷ್ಟು. ಪೈಪ್ ಹಾಕಿದ ಮೇಲೆ ಮಂಚದಿಂದ ಇಳಿಯುವ ಕಾರಣವೇ ಇರುವುದಿಲ್ಲ, ಮಲಗಿಯೇ ಇರುತ್ತಾರೆ. ಮಲಗಿದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಮಂಚದ ಮೇಲಿರಿಸಿ ನೋಡಿದ್ದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಕಾಲುಗಳಲ್ಲಿ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ಕಾಯಿಲೆ ಇಲ್ಲದವರ ಗತಿ ಇದು. ಆಮೇಲೆ ನಮ್ಮ ಅಜ್ಜ ಅಜ್ಜಿಯರು ನಡೆಯುವುದು ಹೇಗೆ, ಹೇಳಿ. ಶೌಚಾಲಯಕ್ಕೆ ನಡೆದು ಹೋಗುವುದು ವಾರ್ಡಿನಲ್ಲಿ ಅವರಿಗೆ ಸಿಗುವ ಮುಖ್ಯ ವ್ಯಾಯಾಮ. ಅದನ್ನೂ ಕಿತ್ತುಕೊಳ್ಳಬಾರದು.

ಇದು ನಮ್ಮ ಹೊಸ ಯೋಚನೆ ಏನಲ್ಲ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಡಾ. ಮಾರ್ಜೊರಿ ವಾರೆನ್ ಅವರ ಕೈಗೆ ಬಡವರ ಆಸ್ಪತ್ರೆಯೊಂದರ 714 ಹಾಸಿಗೆಗಳು ಬಂದವು. ಇವರಿಂದ ಇನ್ನೇನೂ ಆಗದು ಅಂತ ಕೈಬಿಟ್ಟಿದ್ದ ಹಿರಿಯರನ್ನು ಅವರು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ ಎಬ್ಬಿಸಿದರು, ನಡೆಸಿದರು, ವಾರ್ಡನ್ನೂ ಅದಕ್ಕೆ ಹೊಂದಿಸಿದರು. ಅನೇಕರು ಮನೆಗೆ ಹೋದರು. ಮರೆವಿನ ಕಾಯಿಲೆ ಇರುವವರ ಬಗ್ಗೆ 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಸರಳವಾದ ವಿಷಯ ತೋರಿಸಿತು. ಶೌಚಾಲಯ ಮರೆಯಲ್ಲಿರದೆ ಕಣ್ಣೆದುರಿಗೆ ಕಂಡರೆ ಸಾಕು, ಅವರು ಅದನ್ನು ಎಷ್ಟೋ ಪಟ್ಟು ಜಾಸ್ತಿ ಬಳಸುತ್ತಾರೆ.

ಹಾಗಾದರೆ ನಾವು ಏನು ಮಾಡುತ್ತಿದ್ದೇವೆ? ಹಾಲನ್ನು ಆರಾರು ಮಂಚದ ಭಾಗಗಳಾಗಿ ಮಾಡಿ ಪ್ರತಿ ಭಾಗಕ್ಕೂ ಅದರದೇ ಶೌಚಾಲಯ ಕೊಡುತ್ತೇವೆ. ಎಲ್ಲ ಶೌಚಾಲಯಗಳ ಬಾಗಿಲಿಗೂ ಒಂದೇ ಹಳದಿ ಬಣ್ಣ, ಓದು ಬಾರದವರಿಗಾಗಿ ಕಣ್ಣಿನ ಮಟ್ಟಕ್ಕೆ ಕಮೋಡಿನ ಚಿತ್ರ. ಬೇರೆ ಯಾವ ಬಾಗಿಲಿಗೂ ಆ ಬಣ್ಣವಿಲ್ಲ. ಬಾಗಿಲ ಅಗಲ 900 ಮಿಲಿಮೀಟರ್, ಕಮೋಡ್ ಸೀಟಿನ ಎತ್ತರ 450ರಿಂದ 480 ಮಿಲಿಮೀಟರ್. ಇವೆರಡೂ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯ ಅಳತೆ. ಮಾಮೂಲಿ ಕಮೋಡ್ ಇದಕ್ಕಿಂತ ತಗ್ಗು, ಕೂತವರು ಏಳಲು ಒದ್ದಾಡುತ್ತಾರೆ. ಬಾಗಿಲು ಹೊರಕ್ಕೆ ತೆರೆಯುತ್ತದೆ. ಯಾರಾದರೂ ಒಳಗೆ ಬಾಗಿಲಿಗೆ ಅಡ್ಡ ಬಿದ್ದರೂ ಹೊರಗಿನಿಂದ ತೆಗೆಯಬಹುದು.

ಸೀಟು ಕಡು ನೀಲಿ, ಗೋಡೆ ಬಿಳಿ. ಪಾರ್ಶ್ವವಾಯು ಯಾವ ಕಡೆಗೆ ಹೊಡೆದಿದೆಯೋ ಹೇಳಲಾಗದು, ಆದ್ದರಿಂದ ಹಿಡಿಕೆ ಎರಡೂ ಬದಿಗೆ. ತೊಳೆದುಕೊಳ್ಳುವ ಜೆಟ್ ಪೈಪೂ ಎರಡೂ ಬದಿಗೆ ಬೇಕು ಅಂತ ಹೇಳಿದ್ದು ನಮ್ಮ ಹಿರಿಯ ಆಯಾ. ಎಡಗೈ ಸ್ವಾಧೀನ ಇಲ್ಲದವರು ಬಲಗೈಯಲ್ಲಿ ತೊಳೆದುಕೊಳ್ಳಲು ಒಪ್ಪುವಂತೆ ಮಾಡುವುದೇ ದೊಡ್ಡ ಕಷ್ಟ, ಇನ್ನು ಪೈಪೂ ಕೈಗೆ ಸಿಗದಿದ್ದರೆ ಹೇಗೆ ಅಂದರು. ಯಾವ ಇಂಜಿನಿಯರಿಗೂ ಅದು ಹೊಳೆದಿರಲಿಲ್ಲ. ಕರೆಗಂಟೆಯ ದಾರ ನೆಲದವರೆಗೆ ಇಳಿದಿರುತ್ತದೆ, ಬಿದ್ದವರಿಗೂ ಎಟುಕಬೇಕಲ್ಲ. ಸ್ನಾನದ ಜಾಗ ಬೇರೆ, ಕಮೋಡಿನ ಜಾಗ ಬೇರೆ, ಹಾಗಾಗಿ ನೆಲ ಒಣಗಿರುತ್ತದೆ. ಮೆಟ್ಟಿಲಿಲ್ಲ, ನೀರು ಹೋಗಲು ಇಳಿಜಾರು ಮಾತ್ರ. ವಾರ್ಡಿನಿಂದ ಶೌಚಾಲಯದವರೆಗೆ ನೆಲಕ್ಕೆ ಹೊಳಪಿಲ್ಲದ ಒಂದೇ ಬಣ್ಣ. ನಡುವೆ ಕಪ್ಪು ಪಟ್ಟಿ ಬಂದರೆ ಮರೆವಿನ ಕಾಯಿಲೆಯವರು ಅದನ್ನು ಹಳ್ಳ ಅಂದುಕೊಂಡು ನಿಂತುಬಿಡುತ್ತಾರೆ.

ಮಂಚಗಳು ಏರಿಸಿ ಇಳಿಸುವಂಥವು. ಮಂಚದಿಂದ ಶೌಚಾಲಯದವರೆಗೆ ಗೋಡೆಗೆ ಹಿಡಿಕೆ. ರಾತ್ರಿ ಕಾಲು ಕೆಳಗಿಟ್ಟ ಕೂಡಲೇ ನೆಲದ ಮಟ್ಟದಲ್ಲಿ ಸಣ್ಣ ದೀಪ ಹತ್ತುತ್ತದೆ, ಟ್ಯೂಬ್‌ಲೈಟ್ ಹಾಕಿ ಎಲ್ಲರನ್ನೂ ಎಬ್ಬಿಸಬೇಕಿಲ್ಲ. ಜೊತೆಗಿರುವವರಿಗೆ ಗೋಡೆಯ ಕಡೆ ಮಡಚುವ ಮಂಚ. ನಾಲ್ಕು ಹೆಜ್ಜೆಯೂ ಆಗದವರಿಗೆ ಕಮೋಡ್ ಚೇರ್, ಸುತ್ತ ಪೂರ್ತಿ ಎಳೆಯುವ ಪರದೆ.

ಗೋಡೆ ಕಟ್ಟಿದರಷ್ಟೇ ಸಾಲದು. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಬಂದು "ಅಜ್ಜಿ, ಒಂದಕ್ಕೆ ಹೋಗಿ ಬರೋಣ್ವಾ?" ಅಂತ ಕೇಳುವವರು ಬೇಕು. ಅವಸರವಾಗುವ ಮುಂಚೆಯೇ ಕರೆದುಕೊಂಡು ಹೋದರೆ ಎಷ್ಟೋ ಜನರ ಬಟ್ಟೆ ಒದ್ದೆಯಾಗುವುದೇ ಇಲ್ಲ. ಅದಕ್ಕೆಂದೇ ಪ್ರತಿ ಪಾಳಿಯಲ್ಲಿ ಒಬ್ಬ ಆಯಾ ಇರಬೇಕೆಂಬುದು ನಮ್ಮ ಆಸೆ. ನನ್ನನ್ನು ಕೇಳಿದರೆ ಇಡೀ ಯೋಜನೆಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ ಭಾಗ. ದಾನಿಗಳು ಸಾಮಾನ್ಯವಾಗಿ ಸಂಬಳಕ್ಕೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ದಯವಿಟ್ಟು ಇದಕ್ಕೂ ಕೊಡಿ.

ಖರ್ಚಿನ ಅಂದಾಜು ಹೀಗಿದೆ. ಒಂದು ಶೌಚಾಲಯಕ್ಕೆ ಒಳಚರಂಡಿ ಕೆಲಸವೂ ಸೇರಿ ಸುಮಾರು 3 ಲಕ್ಷ ರೂಪಾಯಿ. ಎರಡೂ ವಾರ್ಡಿಗೆ ಸೇರಿ ಎಂಟು ಬೇಕು. ಏರಿಸಿ ಇಳಿಸುವ ಒಂದು ಮಂಚಕ್ಕೆ ಸುಮಾರು 40,000, ಒಂದು ಕಮೋಡ್ ಚೇರಿಗೆ ಸುಮಾರು 5,000. ನಾಲ್ಕೈದು ಮನೆಯವರು ಸೇರಿ ಒಂದು ಮಂಚ ಕೊಡಿಸಬಹುದು. ಮದುವೆ, ಗೃಹಪ್ರವೇಶ, ಹಿರಿಯರ ತಿಥಿ ಇಂಥ ದಿನ ಒಂದಿಷ್ಟು ತೆಗೆದಿಟ್ಟು ಕೊಟ್ಟವರೂ ಇದ್ದಾರೆ. ನೂರು ರೂಪಾಯಿಗೂ ರಸೀದಿ ಕೊಡುತ್ತೇವೆ. ಟೈಲ್ಸ್, ಪೈಪ್, ಸ್ಟೀಲ್ ಹಿಡಿಕೆ ಮಾರುವವರು ಸಾಮಾನಿನ ರೂಪದಲ್ಲೂ ಕೊಡಬಹುದು, ಆದರೆ ಅಳತೆ ಮೊದಲು ನಮ್ಮಲ್ಲಿ ಕೇಳಿ. ಹಿಡಿಕೆ ಒಂದು ಇಂಚು ಆಚೀಚೆ ಆದರೂ ಕೈ ಜಾರುತ್ತದೆ.

ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಇದೆ, ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ, ಆದ್ದರಿಂದ ಚೆಕ್ ಅಥವಾ ಯುಪಿಐ ಒಳ್ಳೆಯದು. ಪ್ಯಾನ್ ನಂಬರ್ ಬರೆಸುವುದನ್ನು ಮರೆಯಬೇಡಿ. ಹೊರದೇಶದಲ್ಲಿರುವ ನಮ್ಮೂರಿನ ಮಕ್ಕಳೂ ಕೇಳಿದ್ದಾರೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮ್ಮಲ್ಲಿ ಇಲ್ಲ, ಹಾಗಾಗಿ ಬೇರೆ ದೇಶದ ಪೌರತ್ವ ಪಡೆದವರಿಂದ ಹಣ ತೆಗೆದುಕೊಳ್ಳಲು ಬರುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಇಲ್ಲಿನ ತಮ್ಮ ಬ್ಯಾಂಕ್ ಖಾತೆಯಿಂದ ಧಾರಾಳವಾಗಿ ಕಳಿಸಬಹುದು.

ಮೊದಲು ಹೆಂಗಸರ ವಾರ್ಡಿನ ಕೆಲಸ. ನಾಲ್ಕು ಶೌಚಾಲಯಕ್ಕೆ ಹಣ ಕೂಡಿದ ಕೂಡಲೇ ಶುರು ಮಾಡುತ್ತೇವೆ. ಮಾದರಿಗೆಂದು ಒಂದನ್ನು ಈಗಾಗಲೇ ಹೊರರೋಗಿ ವಿಭಾಗದ ಪಕ್ಕ ಕಟ್ಟಿಸಿದ್ದೇವೆ. ಬಂದು ನೋಡಿ. ಆದರೆ ನಿಮ್ಮ ಮನೆಯ ಹಿರಿಯರನ್ನೂ ಕರೆತನ್ನಿ. ಅವರು ಅದರಲ್ಲಿ ಕೂತು ಎದ್ದು, ಹಿಡಿಕೆ ಹಿಡಿದು ನೋಡಿ ಎಲ್ಲಿ ಕಷ್ಟ ಅಂತ ಹೇಳಲಿ. ಉಳಿದವುಗಳನ್ನು ಕಟ್ಟುವ ಮುಂಚೆ ಸರಿಮಾಡಿಸುತ್ತೇವೆ. ಭಾನುವಾರ ಬಿಟ್ಟು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕಛೇರಿ ತೆರೆದಿರುತ್ತದೆ.

ಇಂತಿ,
ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ